ಬರಿಗೈ ಬಾಗಿಲು

ಸಿಂಧನೂರು
13 ಸೆಪ್ಟೆಂಬರ್ 1988

ಕಸ್ತೂರಿ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ನಿನ್ನ ಕೊನೆಯ ಕಾಗದಕ್ಕೆ ಉತ್ತರ ಬರೆಯದೆ ಇದ್ದವಳು ನಾನೇ. ಈಗ ಒಮ್ಮೆಲೇ ಕ್ಷೇಮವೇ ಎಂದು ಕೇಳಿದರೆ ನೀನು ನಗುತ್ತೀ, ಅದಕ್ಕೇ ಕೇಳುವುದಿಲ್ಲ. ನಿನ್ನಿಂದ ಒಂದು ಕೆಲಸವಾಗಬೇಕಾಗಿದೆ.

ನಮ್ಮ ಕೋಟೆ ಆಟ ಸಾಯುತ್ತಿದೆ.

ಲಿಂಗಸುಗೂರಿನ ಹಾಸ್ಟೆಲಿನಲ್ಲಿ ಹಳೆಯ ಧೋತರದ ಮೇಲೆ ನೀನು ಬರೆದ ಏಳು ಬಾಗಿಲಿನ ಕೋಟೆಯನ್ನು ನಾನು ಮದುವೆಯ ಟ್ರಂಕಿನಲ್ಲಿ ಹಾಕಿಕೊಂಡು ಬಂದದ್ದು ನಿನಗೆ ಗೊತ್ತು. ಹೇಳದೆ ತಂದೆನೆಂಬ ಸಿಟ್ಟೂ ನಿನಗಿದೆ. ಇಲ್ಲಿ ಓಣಿಯ ಮೂವರನ್ನು ಕೂಡಿಸಿಕೊಂಡು ಸೋಮವಾರ ಮಧ್ಯಾಹ್ನ ಆಡುತ್ತೇವೆ. ಅವರಿಗೆ ಹೇಳಿಕೊಟ್ಟಂತೆಯೇ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ಒಬ್ಬೊಬ್ಬರೂ ಒಬ್ಬೊಬ್ಬ ಮನುಷ್ಯರಾಗಬೇಕು, ಆಟ ಮುಗಿಯುವವರೆಗೆ ಅವರಂತೆಯೇ ಮಾತಾಡಬೇಕು. ಒಬ್ಬಳು ಬಾಗಿಲವ್ವ. ಯಾವ ಬಾಗಿಲ ಹಿಂದೆ ಏನಿದೆ ಎಂದು ಹೇಳುವವಳು ಅವಳು. ಏನು ಮಾಡುತ್ತೀರಿ ಎಂದು ಬಾಗಿಲವ್ವ ಕೇಳುತ್ತಾಳೆ, ಆಡುವವರು ಹೇಳುತ್ತಾರೆ, ಆದೀತೋ ಇಲ್ಲವೋ ಎಂಬುದನ್ನು ಉಜ್ಜಿದ ಹುಣಸೆ ಬೀಜ ಚೆಲ್ಲಿ ನೋಡುವುದು. ಸರಿಯಾಗಿದೆಯಲ್ಲ?

ಇಲ್ಲಿ ಬಾಗಿಲವ್ವ ನಾನು. ನಮ್ಮ ಮನೆಯ ಒಡತಿ ಯಮನಮ್ಮಕ್ಕ ಒಂಟೆ ವ್ಯಾಪಾರದ ಸಾವಕಾರ. ಹೊಲಿಗೆ ಮಷಿನ್ ಇಟ್ಟುಕೊಂಡಿರುವ ರಾಜಾಬೀ ವೈದ್ಯ. ಹಿಂದಿನ ಓಣಿಯ ಆದಪ್ಪನವರ ಹೆಂಡತಿ ಬಸ್ಸಮ್ಮ ದರೋಡೆಕಾರಳು, ಹೆಸರು ಗಾಳಿ. ಅವಳಿಗೆ ಒಂದು ಕುದುರೆ, ಒಂದು ಚೂರಿ, ಒಂದು ಕಂಬಳಿ. ಕುದುರೆಯೆಂದರೆ ಗುಲಗಂಜಿ, ಚೂರಿಯೆಂದರೆ ಬಳೆಚೂರು, ಕಂಬಳಿಯೆಂದರೆ ಚಿಂದಿ ಬಟ್ಟೆ. ನೀಲಾ ಎಲ್ಲಿ ಬಾಯಿಗೆ ಹಾಕಿಕೊಂಡಾಳೋ ಎಂದು ಆಟ ಮುಗಿದ ಮೇಲೆ ಪ್ರತಿಯೊಂದನ್ನೂ ಎಣಿಸಿ ಡಬ್ಬಿಗೆ ಹಾಕಿ ಗೋಡೆಯ ಮಾಡದಲ್ಲಿ ಇಡುತ್ತೇನೆ. ಮತ್ತೆ ಇಳಿಸಿ ಇನ್ನೊಮ್ಮೆ ಎಣಿಸುತ್ತೇನೆ.

ನೀಲಾ ನನ್ನ ಮಗಳು. ಐದು ತಿಂಗಳು. ಮಲಗುವುದಿಲ್ಲ. ತೊಟ್ಟಿಲಿಗೆ ಬೆನ್ನು ತಾಗಿದರೆ ಸಾಕು, ಕಿರುಚುತ್ತಾಳೆ. ನಾನು ಸರಿಯಾಗಿ ನಿದ್ದೆ ಮಾಡಿ ಯಾವ ಕಾಲವಾಯಿತೋ. ಅವಳು ಅಳುವಾಗ ಹೆದರಿಕೆ, ಸುಮ್ಮನಾದರೆ ಉಸಿರು ಇದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುವ ಹೆದರಿಕೆ.

ಬಸ್ಸಮ್ಮ ಮೊದಲಿನಂತೆ ಇರುವಾಗ ಆಟಕ್ಕೆ ಕಿಚ್ಚಿತ್ತು. ಹೆರಿಗೆಗೆಂದು ತವರಿಗೆ ಹೋಗಿದ್ದಳು, ಶ್ರಾವಣದಲ್ಲಿ ಹಿಂತಿರುಗಿದಳು. ಕೂಸು ಉಳಿಯಲಿಲ್ಲ. ಮನೆಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲವಂತೆ. ಒಳ್ಳೆಯ ಜನ, ನೋಯಿಸಬಾರದು ಎಂದೇ ಸುಮ್ಮನಿದ್ದಾರೆ. ನಾವೂ ಎತ್ತುವುದಿಲ್ಲ. ಆಟಕ್ಕೆ ಬರುತ್ತಾಳೆ, ಅವಳ ಪಾಳಿ ಬಂದರೆ "ನಾ ಇಲ್ಲೇ ಕುಂತಿರ್ತೀನಿ" ಎನ್ನುತ್ತಾಳೆ. ಗಾಳಿ ಮೂರನೆಯ ಬಾಗಿಲ ಮುಂದೆ ಕುಳಿತೇ ಇದ್ದಾಳೆ. ರಾಜಾಬೀ ಅಂಗಿಗೆ ಗುಂಡಿ ಹಚ್ಚುತ್ತ ಕೂಡುತ್ತಾಳೆ. ನಿನ್ನೆ ಯಮನಮ್ಮಕ್ಕ ಒಂಟೆಯ ಮೇಲೆ ಕುಳಿತೇ ಗೊರಕೆ ಹೊಡೆದಳು.

ಇನ್ನೊಂದು. ಕೂಸು ಕಳೆದುಕೊಂಡವಳ ಕೈಗೆ ಎಳೆಗೂಸು ಕೊಡಬಾರದು ಎಂದು ನಮ್ಮ ಅತ್ತೆ. ಬಿ.ಎ. ಓದಿದ ನಾನು ಅದನ್ನೆಲ್ಲ ನಂಬುವವಳಲ್ಲ. ಆದರೆ ಬಸ್ಸಮ್ಮ ಬರುವ ಹೊತ್ತಿಗೆ ನೀಲಾಳನ್ನು ಒಳಗೆ ಅತ್ತೆಯ ಹತ್ತಿರ ಬಿಟ್ಟು ಬರುತ್ತೇನೆ.

ಹಾಸ್ಟೆಲಿನಲ್ಲಿ ಆಟ ಸಪ್ಪೆಯಾದಾಗ ನೀನು ಏನೋ ಮಾಡುತ್ತಿದ್ದೆ. ಅದೇನೆಂದು ಬರೆ. ವಾರಕ್ಕೆ ಆ ಎರಡು ತಾಸು ಬಿಟ್ಟರೆ ನನಗೆ ಬೇರೆ ಏನಿಲ್ಲ.

ಸಿಟ್ಟಿದ್ದರೂ ಬರೆ,
ಪಂಪಾ


ಲಿಂಗಸುಗೂರು
24 ಸೆಪ್ಟೆಂಬರ್ 1988

ಪಂಪಾ,

ಧೋತರ ನಮ್ಮ ಅಪ್ಪನದು. ಇಟ್ಟುಕೋ.

ನಾನಿಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಇತಿಹಾಸ ಹೇಳುತ್ತೇನೆ. ಅವ್ವ ಹಾಸಿಗೆ ಹಿಡಿದು ವರ್ಷವಾಯಿತು. ಹೆಚ್ಚು ಬರೆಯಲು ಹೊತ್ತಿಲ್ಲ.

ಆಟ ಸಪ್ಪೆಯಾದರೆ ಮೊದಲು ಒಂದು ವಾರ ಬಿಡು. ಬಿಟ್ಟು ನೋಡಿದರೆ ಯಾರಿಗೆ ಬೇಕಾಗಿದೆ ಎಂದು ತಿಳಿಯುತ್ತದೆ. ಎಲ್ಲರಿಗೂ ಒಟ್ಟಿಗೆ "ಏನು ಮಾಡುತ್ತೀರಿ" ಎಂದು ಕೇಳಬೇಡ. ಒಬ್ಬೊಬ್ಬರ ಮುಖ ನೋಡಿ ಕೇಳು. ನಿನಗೇನು ಬೇಕಾಗಿದೆ ಎಂದೂ ಕೇಳು, ಆಟದ ಹೊರಗೆ. ಹಾಗೆ ಕೇಳುವುದನ್ನು ನಾವು ಆಗಲೂ ಮರೆಯುತ್ತಿದ್ದೆವು.

ಯಾವುದೂ ನಡೆಯದಿದ್ದರೆ ಏಳನೆಯ ಬಾಗಿಲಿಗೆ ಕರೆದೊಯ್ಯಿ. ಮಸ್ಕಿಯ ಗುಡ್ಡ ಹತ್ತಿದ ದಿನ ಅಲ್ಲಿಯ ಬಂಡೆಯ ಸಂದು ನೋಡಿ ಕಟ್ಟಿದ ಬಾಗಿಲು ಅದು. ಒಬ್ಬರೇ ತೂರಬೇಕು, ಅದೂ ಬರಿಗೈಯಲ್ಲಿ. ಇದ್ದದ್ದೆಲ್ಲ ಬೇರೆ ಆಟಗಾರರಿಗೆ ಕೊಟ್ಟುಬಿಟ್ಟರೆ ಮಾತ್ರ ತೆರೆಯುವುದು. ನಮ್ಮಲ್ಲಿ ಒಬ್ಬಳಾದರೂ ದಾಟಿದಳೇ? ಒಂದು ಚೂರಿಗಾಗಿ ನೀನು ನನ್ನ ಜೊತೆ ಎರಡು ದಿನ ಮಾತು ಬಿಟ್ಟಿದ್ದೆ.

ಕೂಸನ್ನು ಹೊಟ್ಟೆಯ ಮೇಲೆ ಮಲಗಿಸಿಕೊಂಡು ನೋಡು. ಅಕ್ಕನ ಮಗು ಹಾಗೆ ಮಲಗುತ್ತಿತ್ತು.

ಕಸ್ತೂರಿ


ಸಿಂಧನೂರು
25 ಅಕ್ಟೋಬರ್ 1988

ಕಸ್ತೂರಿ,

ನಿನ್ನ ಕೈಗುಣ ದೊಡ್ಡದು! ಆಟ ಎದ್ದು ಕುಳಿತಿದೆ.

ಒಂದು ವಾರ ಬಿಟ್ಟೆ. ಯಾರೂ ಕೇಳಲಿಲ್ಲ. ಬಸ್ಸಮ್ಮ ಮಾತ್ರ ಬಂದು ಬಾಗಿಲಲ್ಲಿ ನಿಂತು, "ಇವತ್ತ ಇಲ್ಲೇನು?" ಎಂದಳು. ಇಲ್ಲ ಎಂದೆ. ಸ್ವಲ್ಪ ಹೊತ್ತು ನಿಂತೇ ಇದ್ದಳು. ಒಳಗೆ ನೀಲಾ ಅಳುತ್ತಿದ್ದಳು. ಹೋದಳು.

ಆಮೇಲೆ ಹೊಸ ರಾಕ್ಷಸನನ್ನು ತಂದೆ. "ರಾಕ್ಷಸ ಇರ್ಲಿ, ನಮ್ಮತ್ತಿಗಿಂತ ದೊಡ್ಡವನೇನು?" ಎಂದು ರಾಜಾಬೀ ಗುಂಡಿ ಹಚ್ಚತೊಡಗಿದಳು. ಆಟದ ಹೊರಗೆ ಕೇಳು ಎಂದಿದ್ದೆಯಲ್ಲ, ಅದೊಂದು ಆಗಲಿಲ್ಲ. ಬಸ್ಸಮ್ಮನಿಗೆ ಏನು ಬೇಕಾಗಿದೆ ಎಂದು ಹೇಗೆ ಕೇಳಲಿ? ಕೇಳಿದರೆ ಏನು ಹೇಳಿಯಾಳೋ ಎಂಬ ಅಂಜಿಕೆ.

ದಸರೆ ಮುಗಿದ ಮೇಲೆ, ನಿನ್ನೆ, ಏಳನೆಯ ಬಾಗಿಲಿಗೆ ಕರೆದೊಯ್ದೆ. ಕರಿ ಬಂಡೆ, ನಡುವೆ ಒಂದು ಸಂದು, ಒಳಗಿನಿಂದ ತಣ್ಣನೆಯ ಗಾಳಿ, ಗಾಳಿಯಲ್ಲಿ ಒಂದೇ ಮಾತು: "ಕೈಯಾಗ ಏನೈತಿ?"

"ಹನ್ನೆರಡು ಒಂಟಿ ಅದಾವಪಾ, ಒಂದೂ ಕೊಡಂಗಿಲ್ಲ, ಹೋಗ" ಎಂದಳು ಯಮನಮ್ಮಕ್ಕ.

"ಒಂಟಿ ಮ್ಯಾಲ ಕುಂತೇ ಬಾಗಿಲ್ದಾಗ ಸಿಕ್ಕೊಂಡು ಸಾಯ್ತಿ ನೋಡಕ್ಕ. ನಿನ್ನ ಜಗ್ಗಾಕ ನಾ ಬರಂಗಿಲ್ಲ" ಎಂದಳು ರಾಜಾಬೀ.

"ನೀ ಯಾಕ ಬರ್ತೀ? ನಿನ್ನ ಔಷಧದ ಚೀಲ ಯಾರರ ಹೊತ್ಕೊಂಡು ಹೋದಾರಂತ ಅಪ್ಪಿಕೊಂಡು ಕುಂತೀದಿ!"

ಎಷ್ಟು ದಿನದ ಮೇಲೆ ಆ ನಗೆ, ಕಸ್ತೂರಿ. ಆ ನಗೆಯ ನಡುವೆ ಬಸ್ಸಮ್ಮ ಗುಲಗಂಜಿಯನ್ನು ಎತ್ತಿ ಯಮನಮ್ಮಕ್ಕನ ಅಂಗೈಯಲ್ಲಿಟ್ಟಳು.

"ನನ್ನ ಕುದುರಿ ತಗೋ ಯಮನಮ್ಮಕ್ಕ. ದಿನಾ ಮೈ ತಿಕ್ಕಬೇಕು, ಮರೀಬ್ಯಾಡ."

ಗುಂಡಿ ಹಚ್ಚುವುದು ನಿಂತಿತು. ಯಮನಮ್ಮಕ್ಕ ಕಣ್ಣು ಬಿಟ್ಟು ನೋಡಿದಳು. "ಏ ಹುಚ್ಚಿ, ಕುದುರಿ ಇಲ್ಲದ ದರೋಡಿ ಹೆಂಗ ಮಾಡ್ತೀ?"

"ಸಾಕಾತು ದರೋಡಿ" ಎಂದಳು. ಮತ್ತೆ ನನ್ನ ಕಡೆ ತಿರುಗಿದಳು. "ಬಾಗಿಲವ್ವ, ಆಚಿಗೆ ಏನೈತಿ?"

ಅದನ್ನು ನೀನು ಎಂದೂ ಹೇಳಿಕೊಟ್ಟಿಲ್ಲವಲ್ಲ. ನನಗೆ ಆಗ ಬಾಯಿಗೆ ಬಂದದ್ದು ಹೇಳಿದೆ. "ಆಚಿಗೆ ಎಲ್ಲಾರೂ ಮಲಗಿರ್ತಾರ. ಮೆತ್ತನ್ನ ಹಾಸಿಗಿ. ಯಾರೂ ಎಬ್ಬಸಂಗಿಲ್ಲ."

"ಕೂಸುಗೋಳು?"

"ಅವೂ ಮಲಗಿರ್ತಾವ. ಒಂದೂ ಅಳಂಗಿಲ್ಲ."

ನಿದ್ದೆ ಕೆಟ್ಟವಳಿಗೆ ಸ್ವರ್ಗವೆಂದರೆ ಇನ್ನೇನು ಹೊಳೆಯುತ್ತದೆ ಹೇಳು! ಆದರೆ ಹೇಳಿದ್ದು ಚೆನ್ನಾಗಿತ್ತು. "ಹಂಗಾರ ಚೊಲೊ" ಎಂದಳು ಬಸ್ಸಮ್ಮ. ಹೋಗುವಾಗ ಮೊದಲ ಸಲ ಅವಳ ಮುಖ ತಿಳಿಯಾಗಿತ್ತು.

ನಿನ್ನ ಅವ್ವನಿಗೆ ನಮಸ್ಕಾರ ಹೇಳು. ನೀಲಾ ಹೊಟ್ಟೆಯ ಮೇಲೂ ಮಲಗಲಿಲ್ಲ.

ನಿನ್ನ
ಪಂಪಾ


ಸಿಂಧನೂರು
29 ನವೆಂಬರ್ 1988

ಕಸ್ತೂರಿ,

ನಿನ್ನ ಕಾಗದ ಬರಲಿಲ್ಲ. ಅವ್ವನಿಗೆ ಹೆಚ್ಚಾಗಿದೆಯೇ? ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ, ಏಕೆಂದರೆ ಬರುವ ಸೋಮವಾರ ಗಾಳಿ ಏಳನೆಯ ಬಾಗಿಲು ದಾಟುತ್ತಾಳೆ! ನಿನ್ನ ಕೋಟೆಯಿಂದ ಮೊದಲ ಸಲ ಒಬ್ಬರು ಹೊರಗೆ ಹೋಗುತ್ತಿದ್ದಾರೆ.

ದೀಪಾವಳಿಯ ಹಿಂದಿನ ಸೋಮವಾರ ಕಂಬಳಿಯನ್ನು ಯಮನಮ್ಮಕ್ಕನ ಒಂಟೆಗೆ ಹೊದಿಸಿದಳು. ನಿನ್ನೆ ಚೂರಿಯನ್ನು ರಾಜಾಬೀಗೆ ಕೊಟ್ಟಳು. ಕೊಡುವಾಗ ಏನೆಂದಳು ಗೊತ್ತೇ? "ಕುಬಸದ ಅಳತಿ ತಪ್ಪಿಸಿದಿ ಅಂತ ಹೋದ ವರ್ಷ ನಿನಗ ಬೈದಿದ್ನೆಲ್ಲಾ ರಾಜಾಬೀ, ಅದನ್ನ ಮನಸಿನ್ಯಾಗ ಇಟ್ಕೋಬ್ಯಾಡ." ರಾಜಾಬೀ ನಕ್ಕು, "ಹಾಯ್ ಅಲ್ಲಾ, ಅದು ಇನ್ನೂ ನೆನಪೈತೇನು ನಿನಗ? ದರೋಡಿಕಾರಳಿಗೆ ಮಾಫಿ ಕೇಳಾಕ ಬರತೈತಿ ಅಂತ ಇವತ್ತ ಗೊತ್ತಾತು" ಎಂದಳು. ಎಲ್ಲರೂ ನಕ್ಕೆವು. ಬಸ್ಸಮ್ಮನೂ.

ಈಗವಳು ಎಲ್ಲರಿಗಿಂತ ಮೊದಲು ಬರುತ್ತಾಳೆ. ಮನೆಯಲ್ಲೂ ಗೆಲುವಾಗಿದ್ದಾಳಂತೆ. ಅವಳ ಅತ್ತೆ ನಮ್ಮ ಅತ್ತೆಗೆ ಗುಡಿಯಲ್ಲಿ ಸಿಕ್ಕು, "ಸೊಸಿ ಈಗ ಸುದಾರ್ಸ್ಯಾಳ, ಅಳೂದ ಬಿಟ್ಟಾಳ, ನನ್ನ ಕಾಲ ಸೈತ ಒತ್ತತಾಳ" ಎಂದು ಸಂತೋಷಪಟ್ಟರಂತೆ. ನಮ್ಮಿಂದ ಒಯ್ದಿದ್ದ ಶ್ಯಾವಿಗೆ ಮಣೆ, ಹಿತ್ತಾಳೆ ಬೋಗುಣಿ ಎಲ್ಲವನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿ ತಂದುಕೊಟ್ಟಳು. ಬೋಗುಣಿ ನಾನು ಮರೆತೇಬಿಟ್ಟಿದ್ದೆ.

ದೊಡ್ಡ ಸುದ್ದಿ ಇನ್ನೂ ಹೇಳಿಲ್ಲ. ನೀಲಾ ಮಲಗುತ್ತಾಳೆ! ಬಸ್ಸಮ್ಮನಿಂದಲೇ. ಬಸುರಿದ್ದಾಗ ಅವಳೊಂದು ಸಣ್ಣ ಕೌದಿ ಹೊಲಿದಿದ್ದಳು, ಅವಳ ಅವ್ವನ ಹಳೆಯ ಇಲಕಲ್ ಸೀರೆಗಳದ್ದು. ಮೂಲೆಮೂಲೆಗೆ ಕೆಂಪು ಕುಚ್ಚು, ಕೈಯಲ್ಲಿ ಹಿಡಿದರೆ ಬೆಣ್ಣೆಯಂತಿದೆ. ಹೋದ ವಾರ ಅದನ್ನು ಮಡಿಚಿ ತಂದು ನಮ್ಮ ಕಟ್ಟೆಯ ಮೇಲಿಟ್ಟಳು. "ನಿನ್ನ ಮಗಳಿಗೆ ಹಾಸು ಪಂಪಾ. ಪೆಟಗ್ಯಾಗ ಇದ್ರ ಹುಳ ತಿಂತಾವ" ಎಂದಳು. ಒಳಗೆ ಬಾ ಎಂದೆ, ಬರಲಿಲ್ಲ. ಅತ್ತೆ ಅದನ್ನು ಹಾಸಲು ಬಿಡಲಿಲ್ಲ. ಅವರು ಮಲಗಿದ ಮೇಲೆ ಹಾಸಿದೆ. ಕಸ್ತೂರಿ, ಆ ಕೂಸು ಬೆಳಗಾಗುವವರೆಗೆ ಮಿಸುಕಲಿಲ್ಲ. ನಾನೂ ಸತ್ತವಳಂತೆ ನಿದ್ದೆ ಮಾಡಿದೆ. ಅಂದಿನಿಂದ ದಿನವೂ. ಅತ್ತೆ ಈಗ ಸುಮ್ಮನಿದ್ದಾರೆ, ಅವರಿಗೂ ನಿದ್ದೆ ಬೇಕಲ್ಲ.

ಸೋಮವಾರಕ್ಕೆ ಹೋಳಿಗೆ ಮಾಡುತ್ತೇನೆ. ಬಾಗಿಲು ದಾಟುವವಳಿಗೆ ಬಾಗಿಲವ್ವ ಏನು ಹೇಳಬೇಕು? ನಿನಗೆ ಏನಾದರೂ ಹೊಳೆದರೆ ಬೇಗ ಬರೆ. ನಿನ್ನೆ ಹೋಗುವಾಗ ಅವಳೇ ಕೇಳಿದಳು: "ಆಚಿಗೆ ಹೋದ ಮ್ಯಾಲ ಹೊಳ್ಳಿ ಬರಾಕ ಬರಂಗಿಲ್ಲಲಾ?" ಬರಂಗಿಲ್ಲ ಎಂದೆ. ಅದು ನಿನ್ನ ಕಾನೂನು ತಾನೇ?

ಚೆನ್ನಾಗಿ ನಿದ್ದೆ ಮಾಡಿದ
ಪಂಪಾ


ಲಿಂಗಸುಗೂರು
3 ಡಿಸೆಂಬರ್ 1988, ಶನಿವಾರ, ಬೆಳಿಗ್ಗೆ

ಪಂಪಾ,

ನಿನ್ನ ಕಾಗದ ನಿನ್ನೆ ಸಂಜೆ ಬಂತು. ಅಂಚೆ ಪೆಟ್ಟಿಗೆಗೆ ಹಾಕಿದರೆ ಇದು ನಿನಗೆ ಮುಟ್ಟುವುದು ಮಂಗಳವಾರ. ನಿಮ್ಮವರ ಅಕ್ಕಿ ಗಿರಣಿಗೆ ಟ್ರಂಕ್ ಕಾಲ್ ಹಚ್ಚಿಸಿದೆ, ಲೈನ್ ಸಿಗಲಿಲ್ಲ. ಅದಕ್ಕೆ ಸಿಂಧನೂರು ಬಸ್ಸಿನ ಕಂಡಕ್ಟರ್ ನರಸಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಮಸ್ಕಿಯಲ್ಲಿ ಚಹಾ ಕುಡಿಯಲು ನಿಲ್ಲಿಸಬೇಡ ಎಂದು ಕೈಮುಗಿದು ಹೇಳಿದ್ದೇನೆ. ಅವ್ವನನ್ನು ಬಿಟ್ಟು ನಾನು ಏಳುವಂತಿಲ್ಲ.

ಓದಿ ಮುಗಿಸಿದ ಕೂಡಲೇ ಏಳು. ಸೋಮವಾರದ ತನಕ ಕಾಯಬೇಡ.

ಕುದುರೆ ಆಟದ್ದು. ಚೂರಿ, ಕಂಬಳಿ ಆಟದ್ದು. ಕೌದಿ ಆಟದ್ದಲ್ಲ, ಪಂಪಾ. ಬೋಗುಣಿ ಆಟದ್ದಲ್ಲ. ರಾಜಾಬೀಯ ಹತ್ತಿರ ಕೇಳಿದ ಮಾಫಿ ಆಟದ್ದಲ್ಲ. ಅವಳು ಎರಡೂ ಕಡೆ ಕೈ ಬರಿದು ಮಾಡಿಕೊಳ್ಳುತ್ತಿದ್ದಾಳೆ.

ಅಳುವುದು ಬಿಟ್ಟಿದ್ದಾಳೆ ಎಂದು ಎಲ್ಲರೂ ಸಂತೋಷಪಡುತ್ತಿದ್ದೀರಿ. ನನಗೆ ಅದೇ ಹೆದರಿಕೆ. ಆಚೆ ಏನಿದೆ ಎಂದು ಅವಳು ಆಟಕ್ಕೆ ಕೇಳಲಿಲ್ಲ. ಕೂಸುಗಳು ಮಲಗಿರುತ್ತವೆಯೇ ಎಂದು ಕೇಳಿದಳು. ಮಲಗಿರುತ್ತವೆ ಎಂದು ನೀನು ಹೇಳಿದೆ. ನಾನೂ ಅಲ್ಲಿದ್ದರೆ ಹಾಗೇ ಹೇಳುತ್ತಿದ್ದೆನೇನೋ. ಆ ಬಾಗಿಲು ಕಟ್ಟಿದವಳು ನಾನು. ಆಗ ಹತ್ತೊಂಬತ್ತು ವರ್ಷದವಳು, ಯಾರೂ ಗೆಲ್ಲಬಾರದು ಎಂದು ಕಟ್ಟಿದೆ. ಯಾರಾದರೂ ನಿಜವಾಗಿ ಹೋಗಬೇಕೆಂದು ಬಯಸಿಯಾರು ಎಂದು ಎಣಿಸಲಿಲ್ಲ.

ನಾನು ಹುಚ್ಚಿಯಂತೆ ಬರೆದಿರಬಹುದು. ಹಾಗಾದರೆ ನಾಳೆ ನಗು. ಇವತ್ತು ಹೋಗು. ಅವಳನ್ನು ಒಬ್ಬಳೇ ಬಿಡಬೇಡ. ಏನು ಹೇಳಬೇಕೆಂದು ನನಗೂ ಗೊತ್ತಿಲ್ಲ.

ಕಸ್ತೂರಿ


ಸಿಂಧನೂರು
6 ಡಿಸೆಂಬರ್ 1988

ಕಸ್ತೂರಿ,

ಇದ್ದಾಳೆ. ಮೊದಲು ಅದನ್ನು ಬರೆಯುತ್ತೇನೆ. ಬಸ್ಸಮ್ಮ ಇದ್ದಾಳೆ. ನಮ್ಮ ಪಡಸಾಲೆಯಲ್ಲಿ ರಾಜಾಬೀಯ ಜೊತೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಾಳೆ.

ನರಸಣ್ಣ ಶನಿವಾರ ಮಧ್ಯಾಹ್ನ ಚೀಲ ನೇತುಹಾಕಿಕೊಂಡೇ ಓಣಿಗೆ ಬಂದ. "ಪಂಪಮ್ಮ ಅಂದ್ರ ನೀವೇನ್ರೀ? ಮಾಸ್ತರಬಾಯಿ ಬಸ್ಸಿನ ಮುಂದ ಅಡ್ಡ ನಿಂತು ಕೊಟ್ಟಾರ್ರೀ. ಪ್ಯಾಸೆಂಜರು ಬೈಯಾಕತ್ತಾರ, ಬರ್ತೀನ್ರೀ" ಎಂದು ಕೊಟ್ಟು ಓಡಿದ. ನಿಂತಲ್ಲೇ ಓದಿದೆ. ನೀಲಾ ಕಂಕುಳಲ್ಲಿದ್ದಳು. ಅತ್ತೆ ಬಾವಿಯ ಹತ್ತಿರ. ಕೂಸನ್ನು ಯಾರಿಗಾದರೂ ಕೊಡಬೇಕೆಂದು ಹೊಳೆಯಲಿಲ್ಲ, ಹಾಗೇ ನಡೆದೆ.

ಬಸ್ಸಮ್ಮನ ಅತ್ತೆ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. "ಕಾಲವಿಗೆ ಹೋಗ್ಯಾಳವಾ, ಅರಬಿ ಒಗಿಯಾಕ. ಬಾ, ಕುಂದ್ರು, ಕೂಸು ಎಷ್ಟ ದಪ್ಪ ಆಗೇತಿ..." ಎಂದರು. ನಾನು ಅವರ ಹಿಂದೆ ನೋಡಿದೆ. ಹಗ್ಗದ ಮೇಲೆ ಮನೆಮಂದಿಯ ಅರಿವೆಯೆಲ್ಲ ಒಗೆದು ಹಾಕಿತ್ತು. ಒಣಗಿತ್ತು ಕೂಡ. ಗಿರಣಿಯ ಹೊಟ್ಟಿನ ಬೂದಿ ಅವುಗಳ ಮೇಲೆ ಕರ್ರಗೆ ಕೂತಿತ್ತು.

ಕಾಲುವೆ ತುಂಬಿ ಹರಿಯುವ ದಿನಗಳಿವು. ನಾನು ಓಡಿದೆ. ಕೂಸನ್ನು ಎತ್ತಿಕೊಂಡು ಓಡಬಾರದು, ಎಡವಿದರೆ ಏನು ಗತಿ, ಬಿಸಿಲು ತಲೆಗೆ ಬಡಿಯುತ್ತದೆ, ಇವೆಲ್ಲ ನಾನು ದಿನವೂ ಲೆಕ್ಕ ಹಾಕುವ ಭಯಗಳು. ಆ ಹೊತ್ತು ಒಂದೂ ನೆನಪಾಗಲಿಲ್ಲ. ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಕಡೆಯಿಂದ ಮೀನು ಮಾರಲು ಬರುವ ಹೆಂಗಸೊಬ್ಬಳು ಕಾಲುವೆಯ ಏರಿಯ ಮೇಲೆ ಸಿಕ್ಕಳು. ನಾನು ಕೇಳುವ ಮೊದಲೇ ಸೇತುವೆಯ ಕಡೆ ಕೈ ತೋರಿಸಿದಳು. ಅವಳಿಗೂ ಏನೋ ಅನ್ನಿಸಿರಬೇಕು, ಬುಟ್ಟಿ ಇಳಿಸಿ ಅಲ್ಲೇ ನಿಂತಿದ್ದಳು.

ಬಸ್ಸಮ್ಮ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದಳು. ಕಾಲು ನೀರಿನಲ್ಲಿ. ಪಕ್ಕದಲ್ಲಿ ಬಟ್ಟೆಯಿಲ್ಲ, ಬುಟ್ಟಿಯಿಲ್ಲ. ಕೊರಳಲ್ಲಿ ತಾಳಿ ಬಿಟ್ಟರೆ ಏನಿಲ್ಲ. ನನ್ನನ್ನು ನೋಡಿ ಬೆಚ್ಚಲಿಲ್ಲ.

"ಸೋಮಾರ ಅಲ್ಲೇನು ಆಟ?" ಎಂದಳು.

ಮೆಟ್ಟಿಲಿಳಿದು ಪಕ್ಕದಲ್ಲಿ ಕುಳಿತೆ.

"ಬಸ್ಸಮ್ಮ, ಆಚಿಗೆ ಏನೈತಂತ ನನಗ ಗೊತ್ತಿಲ್ಲ. ಸುಳ್ಳ ಹೇಳಿದೆ. ನನಗ ನಿದ್ದಿ ಬೇಕಾಗಿತ್ತು, ಅದಕ್ಕ ಹಂಗಂದೆ."

ಅವಳು ನೀರು ನೋಡುತ್ತಿದ್ದಳು. "ಇರ್ಲಿ ಬಿಡು. ನೀ ಹೇಳಿದ್ದಕ್ಕೇನ ನಾ ಇಲ್ಲಿ ಬಂದಿಲ್ಲ. ನೀ ಮನಿಗೆ ಹೋಗು, ಕೂಸಿಗೆ ಬಿಸಲು."

"ನೀನೂ ಬಾ."

"ನನಗ ದಣಿವಾಗೈತಿ ಪಂಪಾ."

ಹೀಗೆ ಎರಡು ಸಲ ಆಯಿತು. ಬಾ ಎನ್ನುವುದು, ದಣಿವು ಎನ್ನುವುದು. ಕೈ ಹಿಡಿದು ಎಳೆಯುವಷ್ಟು ಬಲ ನನಗಿಲ್ಲ. ಏರಿಯ ಮೇಲಿನ ಹೆಂಗಸು ದೂರ ಇದ್ದಳು. ನೀರು ಕಲ್ಲಿನ ಅಂಚಿಗೆ ತಾಗಿ ತಾಗಿ ಹೋಗುತ್ತಿತ್ತು. ನನಗೆ ಕೋಟೆ ಆಟ ಬಿಟ್ಟರೆ ಅವಳ ಜೊತೆ ಮಾತಾಡುವ ಬೇರೆ ಭಾಷೆಯೇ ಇರಲಿಲ್ಲ, ಕಸ್ತೂರಿ. ಏನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ ನೀಲಾಳನ್ನು ಎತ್ತಿ ಅವಳ ತೊಡೆಯ ಮೇಲಿಟ್ಟೆ. ನೀರಿನಿಂದ ಒಂದು ಗೇಣು ಮೇಲೆ. ನನ್ನ ಎರಡೂ ಕೈ ಬಿಟ್ಟೆ.

ಬಿದ್ದೀತೆಂದು ಅವಳು ತಟ್ಟನೆ ಹಿಡಿದಳು. "ಏ, ತಗೋ! ತಗೋ ಪಂಪಾ, ಇದನ್ನ ನನ್ನ ಕೈಯಾಗ ಕೊಡಬಾರ್ದು. ನಿಮ್ಮತ್ತಿ ನೋಡಿದ್ರ ಏನಂದಾರು?"

"ನೋಡ್ಲಿ."

"ನನಗ ಆಗಂಗಿಲ್ಲ. ತಗೋ ಅಂದ್ರ!"

ನಾನು ಕೈಕಟ್ಟಿಕೊಂಡು ಕುಳಿತೆ. ಅವಳು ಒಂದು ಸಲ ವಾಲಿದರೆ ಇಬ್ಬರೂ ಹೋಗುತ್ತಿದ್ದರು, ನನಗೆ ಈಜು ಬರುವುದಿಲ್ಲ. ಬಾಗಿಲು ಕೇಳುವ ಪ್ರಶ್ನೆಯನ್ನು ಕೇಳಿದೆ.

"ಕೈಯಾಗ ಏನೈತಿ?"

ನೀಲಾ ಅವಳ ತಾಳಿಯನ್ನು ಹಿಡಿದು ಬಾಯಿಗೆ ಎಳೆದುಕೊಂಡಳು.

"ಕೈಯಾಗ ಏನೈತಿ ಅಂತ ಕೇಳಾಕತ್ತೀನಿ, ಹೇಳು."

"ಕೂಸು" ಎಂದಳು.

"ಹಂಗಾರ ಬಾಗಿಲ ತೆಗಿಯಂಗಿಲ್ಲ."

ಆಗ ಅತ್ತಳು. ಅಂಥ ಅಳುವನ್ನು ನಾನು ಕೇಳಿಲ್ಲ, ಇನ್ನೊಮ್ಮೆ ಕೇಳುವ ಧೈರ್ಯವೂ ಇಲ್ಲ. ಅಳುತ್ತಲೇ ನೀಲಾಳನ್ನು ಎದೆಗೊತ್ತಿಕೊಂಡು ಕಾಲನ್ನು ನೀರಿನಿಂದ ಮೇಲೆ ತೆಗೆದಳು. ಒಂದೊಂದೇ ಕಾಲು. ನಾನು ಅವಳ ಸೆರಗಿನ ತುದಿಯನ್ನು ಮುಷ್ಟಿಗೆ ಸುತ್ತಿಕೊಂಡಿದ್ದೆ.

ಎಷ್ಟೋ ಹೊತ್ತಿನ ಮೇಲೆ ಕೇಳಿದೆ. "ನಿನ್ನದು ಹೆಣ್ಣೋ ಗಂಡೋ?"

"ಹೆಣ್ಣು. ತಲಿತುಂಬ ಕೂದ್ಲಿತ್ತು. ಯಾರೂ ಕೇಳಲಿಲ್ಲ ಪಂಪಾ. ನೀವು ಒಬ್ರೂ ಕೇಳಲಿಲ್ಲ."

ಮೀನಿನ ಹೆಂಗಸು ಏರಿಯಿಳಿದು ಬಂದು ಕೈಕೊಟ್ಟು ಎಬ್ಬಿಸಿದಳು. ಮೂವರೂ ಮೊದಲು ಸಿಗುವ ರಾಜಾಬೀಯ ಮನೆಗೆ ಹೋದೆವು. ರಾಜಾಬೀ ಮುಖ ನೋಡಿದವಳೇ ಮಷಿನ್ ಬಿಟ್ಟೆದ್ದಳು. ಸಂಜೆ ಬಸ್ಸಮ್ಮನ ಗಂಡ ಆದಪ್ಪನವರಿಗೆ ನಮ್ಮ ಮನೆಯವರಿಂದ ಹೇಳಿಸಿದೆ. ಅವರು ನಮ್ಮ ಕಟ್ಟೆಯ ಮೇಲೆ ಕುಳಿತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. "ನಾ ಮಾತಾಡಿದ್ರ ಆಕಿಗೆ ತ್ರಾಸ ಅಕ್ಕೈತಂತ ಸುಮ್ಮಕಿದ್ದೆ" ಎಂದರು. ನಾಡಿದ್ದು ರಾಯಚೂರಿಗೆ ದೊಡ್ಡ ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ.

ಮುಗಿಯಿತು ಎಂದು ನನಗೆ ಅನ್ನಿಸುವುದಿಲ್ಲ. ಅವಳು ಹಿತ್ತಲಿಗೆ ಹೋದರೆ ರಾಜಾಬೀ ಏನಾದರೊಂದು ನೆಪ ಮಾಡಿ ಹಿಂದೆ ಹೋಗುತ್ತಾಳೆ. ಧೋತರ ಟ್ರಂಕಿನಲ್ಲಿದೆ. ಏಳನೆಯ ಬಾಗಿಲ ಮೇಲೆ ಮಸಿ ಬಳಿದುಬಿಡಲೇ?

ಪಂಪಾ


ಲಿಂಗಸುಗೂರು
12 ಡಿಸೆಂಬರ್ 1988

ಪಂಪಾ,

ಮಸಿ ಬಳಿಯಬೇಡ. ಬಳಿದರೆ ಅವಳಿಗೆ ಆ ಜಾಗವೇ ಕಾಣುತ್ತಿರುತ್ತದೆ.

ಡಾಕ್ಟರು ಮಾತ್ರೆ ಕೊಟ್ಟಿದ್ದರೆ ನಿಲ್ಲಿಸದಂತೆ ನೋಡಿಕೋ. ಹುಷಾರಾಗಿದ್ದೇನೆ ಎಂದು ಅವಳು ಹೇಳಿದರೂ ನಿಲ್ಲಿಸಬೇಡ.

ಅವಳು ಆಡುತ್ತೇನೆ ಎಂದಾಗ ಆಡಿರಿ, ನೀನಾಗಿ ಕರೆಯಬೇಡ. ಒಂದು ಹೊಸ ಕಾನೂನು ಕಳಿಸುತ್ತಿದ್ದೇನೆ: ಒಬ್ಬರ ವಸ್ತು ಇನ್ನೊಬ್ಬರ ಕೈಯಲ್ಲಿದ್ದರೆ, ಇಟ್ಟುಕೊಂಡವರು ಪ್ರತಿ ಆಟದ ಮೊದಲು ಬೇಕೇ ಎಂದು ಕೇಳಲೇಬೇಕು. ಬೇಡ ಎಂದರೆ ಒತ್ತಾಯ ಮಾಡಬಾರದು. ಮುಂದಿನ ಸಲ ಮತ್ತೆ ಕೇಳಬೇಕು.

ನಿನ್ನ ಕಾಗದವನ್ನು ಅವ್ವನಿಗೆ ಓದಿ ಹೇಳಿದೆ. ಕೂಸಿಗೆ ಹೆಸರಿಟ್ಟಿದ್ದರೇ ಎಂದು ಕೇಳಿದಳು.

ಕಸ್ತೂರಿ


ಸಿಂಧನೂರು
17 ಜನವರಿ 1989

ಕಸ್ತೂರಿ,

ಇಟ್ಟಿರಲಿಲ್ಲ. ಅವ್ವನ ಪ್ರಶ್ನೆಯನ್ನು ಬಸ್ಸಮ್ಮನಿಗೆ ಮುಟ್ಟಿಸಿದೆ. ಎರಡು ದಿನ ಬಿಟ್ಟು ಬಂದು "ಗಂಗಮ್ಮ ಅಂತ ಇಡೂಣಂತ ಇತ್ತು" ಎಂದಳು. ಅವಳು ಆ ಹೆಸರು ಹೇಳಿದಾಗ ನನಗೆ ಕಾಲುವೆಯ ನೀರು ಕಣ್ಣಮುಂದೆ ಬಂತು. ಸುಳ್ಳು ಯಾಕೆ, ಅಂಜಿದೆ. ಆದರೂ ಈಗ ನಾವು ಆ ಹೆಸರು ಹಿಡಿದೇ ಮಾತಾಡುತ್ತೇವೆ. ಅವಳ ಅತ್ತೆ ಕೂಡ ಒಂದು ಸಲ ಹೇಳಿದರಂತೆ.

ಎಳ್ಳಮವಾಸ್ಯೆಯ ಮುಂದೆ ಅವಳೇ ಆಡೋಣ ಎಂದಳು. ನಿನ್ನ ಕಾನೂನಿನಂತೆ ಯಮನಮ್ಮಕ್ಕ ಗುಲಗಂಜಿಯನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದಳು. "ಬಸ್ಸಿ, ಕುದುರಿ ಬೇಕೇನ? ದಿನಾ ಮೈ ತಿಕ್ಕಿ ತಿಕ್ಕಿ ನನ್ನ ರಟ್ಟಿ ಹೋಗ್ಯಾವು. ನನ್ನ ಒಂಟಿಗೂ ಅದಕ್ಕೂ ಕೂಡಂಗಿಲ್ಲ ಬ್ಯಾರೆ."

"ಇರ್ಲಿ" ಎಂದಳು. ರಾಜಾಬೀ ಚೂರಿ ಬೇಕೇ ಎಂದಳು. ಅದೂ ಇರ್ಲಿ. ಮುಂದಿನ ಸೋಮವಾರವೂ ಇರ್ಲಿ. ಅವಳು ಹಾಗೆಂದಾಗೆಲ್ಲ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಹುಣಸೆ ಬೀಜ ಚೆಲ್ಲುತ್ತೇವೆ. ಆಟದಲ್ಲಿ ಹಳೆಯ ಕಿಚ್ಚಿಲ್ಲ. ಯಮನಮ್ಮಕ್ಕ ಮತ್ತೆ ಆಕಳಿಸುತ್ತಾಳೆ, ರಾಜಾಬೀ ಗುಂಡಿ ಹಚ್ಚುತ್ತಾಳೆ. ಸಪ್ಪೆಯಾಗಿದೆ, ಇರಲಿ. ನಾಲ್ಕು ಜನ ಕೂಡುತ್ತೇವೆ. ನೀಲಾ ಬಸ್ಸಮ್ಮನ ತೊಡೆಯ ಮೇಲೆ ಕುಳಿತು ಧೋತರದ ತುದಿ ಚೀಪುತ್ತಾಳೆ. ಅತ್ತೆ ಬಾಗಿಲಿಗೆ ಬಂದು ನೋಡಿ ಒಳಗೆ ಹೋಗುತ್ತಾರೆ.

ನಿನ್ನೆ ಆಟ ಮುಗಿಯಿತು, ಎಲ್ಲವನ್ನೂ ಎಣಿಸಿ ಡಬ್ಬಿಗೆ ಹಾಕುತ್ತಿದ್ದೆ. ಬಸ್ಸಮ್ಮ ಹೊಸ್ತಿಲ ತನಕ ಹೋದವಳು ನಿಂತಳು. ನನ್ನ ಕಡೆ ತಿರುಗಲಿಲ್ಲ. ಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟುಕೊಂಡಿದ್ದಳು. ನನ್ನ ಕೈಯಲ್ಲಿದ್ದ ಡಬ್ಬಿ ಹಾಗೇ ಉಳಿಯಿತು.

"ಪಂಪಾ, ಒಂದ ಮಾತು. ಕೊಟ್ಟಿದ್ದನ್ನ ಹೊಳ್ಳಿ ಕೇಳಬಾರ್ದು ಅಂತಾರ."

"ಏನು, ಹೇಳವಾ."

"ನನ್ನ ಕೌದಿ ಕೊಡ್ತೀಯೇನು? ನೆಲ ಬಾಳ ಥಂಡಿ ಐತಿ. ಕಾಲಿಗರ ಹೊಚ್ಚಿಕೊಳ್ಳಾಕ ಅಕ್ಕೈತಿ."

ಒಳಗೆ ಹೋಗಿ ತೊಟ್ಟಿಲಿನಿಂದ ಎಳೆದು ತಂದೆ. ಮೂಲೆಯ ಒಂದು ಕುಚ್ಚನ್ನು ನೀಲಾ ಚೀಪಿ ಚೀಪಿ ಕಿತ್ತುಹಾಕಿದ್ದಳು. ಬಸ್ಸಮ್ಮ ಅದನ್ನು ನೋಡಿದಳು. "ಹಚ್ಚಿಕೊಳ್ತೀನಿ ಬಿಡು, ಕೆಂಪು ದಾರ ಐತಿ ಮನ್ಯಾಗ" ಎಂದು ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಓಣಿಯ ತಿರುವಿನ ತನಕ ನೋಡುತ್ತ ನಿಂತಿದ್ದೆ. ಅವಳು ಕಾಲುವೆಯ ಕಡೆ ಹೋಗಲಿಲ್ಲ. ಮನೆಯ ಕಡೆ ಹೋದಳು.

ಕುದುರೆ ಇನ್ನೂ ಯಮನಮ್ಮಕ್ಕನ ಹತ್ತಿರ ಇದೆ.

ನಿನ್ನೆಯಿಂದ ನೀಲಾ ಒಂದೇ ಸಮನೆ ಅಳುತ್ತಿದ್ದಾಳೆ, ನನಗೆ ಕಣ್ಣಿಗೆ ಕಣ್ಣು ಹತ್ತಿಲ್ಲ. ಈ ಕಾಗದವನ್ನು ಒಂದು ಕೈಯಲ್ಲಿ ಬರೆಯುತ್ತಿದ್ದೇನೆ, ಇನ್ನೊಂದರಲ್ಲಿ ಅವಳಿದ್ದಾಳೆ. ಅಕ್ಷರ ಸೊಟ್ಟಗಿದ್ದರೆ ಓದಿಕೋ.

ಪಂಪಾ